ಮೊದಲ ಪದವನ್ನು ಕೊನೆಗೆ ಒಯ್ದ ಅನುವಾದಕ

ಸೂಡಾನಿನ ತಯ್ಯಿಬ್ ಸಾಲಿಹ್ 1966ರಲ್ಲಿ ಪ್ರಕಟಿಸಿದ, 'ಉತ್ತರಕ್ಕೆ ವಲಸೆ ಹೋಗುವ ಕಾಲ' ಎಂಬ ಅರ್ಥದ ಹೆಸರಿನ ಪ್ರಸಿದ್ಧ ಅರಬ್ಬಿ ಕಾದಂಬರಿಯ ಮೊದಲ ಪದ 'ಉದ್ತು'. ಹಾಗೆಂದರೆ 'ಮರಳಿದೆ'. ಕನ್ನಡದ ಹಾಗೆಯೇ ಅರಬ್ಬಿಯಲ್ಲಿಯೂ 'ನಾನು' ಎಂಬುದು ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತದೆ. ಏಳು ವರ್ಷ ಯುರೋಪಿನಲ್ಲಿ ಓದಿ ಬಂದ ನಿರೂಪಕ, ಬಾಗಿಲಲ್ಲಿ ನಿಂತೇ ತಾನು ಬಂದ ಸುದ್ದಿ ಹೇಳಿಬಿಡುತ್ತಾನೆ. ಇದನ್ನು 1969ರಲ್ಲಿ ಇಂಗ್ಲಿಷಿಗೆ ತಂದ ಡೆನಿಸ್ ಜಾನ್ಸನ್-ಡೇವಿಸ್ ಮಾತ್ರ ಆ ಕ್ರಿಯಾಪದವನ್ನು ಮೊದಲಿಗೆ ಇಡಲಿಲ್ಲ. ದೀರ್ಘ ಅಗಲಿಕೆ, ಏಳು ವರ್ಷ, ಯುರೋಪಿನ ಓದು ಎಲ್ಲವನ್ನೂ ಮುಂದೆ ತಂದು, ಮರಳುವಿಕೆಯನ್ನು ವಾಕ್ಯದ ತುದಿಗೆ ಒಯ್ದರು.

ಮದರಸಾದಲ್ಲಿ ಅಕ್ಷರ ಕಲಿತು, ಅರ್ಥವನ್ನು ಬಹಳ ತಡವಾಗಿ ಕಲಿತ ನನಗೆ ಇದು ಬಹುಕಾಲ ತಪ್ಪೆಂದೇ ತೋರುತ್ತಿತ್ತು. ಆದರೆ ಹಾಗೆ ಮಾಡಿದ್ದರಿಂದ ಇಂಗ್ಲಿಷ್ ವಾಕ್ಯ ಮೂಲದ 'ಅಹ್ಲ್' ಎಂಬ ಅರಬ್ಬಿ ಪದದ ಅನುವಾದದ ಮೇಲೆ ಬಂದು ನಿಲ್ಲುತ್ತದೆ. ಮನೆಯವರು, ಬಂಧುಗಳು, ಊರಿನವರು ಎಲ್ಲರೂ ಸೇರಿದ ಆ ಪದಕ್ಕೆ ನಮ್ಮಲ್ಲಿ 'ನಮ್ಮವರು' ಎಂದರೆ ಸಾಕು, ವಿವರಣೆ ಬೇಕಿಲ್ಲ.

1922ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿದ ಜಾನ್ಸನ್-ಡೇವಿಸ್ ಅವರ ಬಾಲ್ಯದ ಒಂದು ಭಾಗ ಕೈರೋದಲ್ಲಿಯೂ ಉತ್ತರ ಸೂಡಾನಿನ ವಾದಿ ಹಲ್ಫಾದಲ್ಲಿಯೂ ಕಳೆಯಿತು. ಸಾಲಿಹ್ ಅವರ ಕಥೆ ನಡೆಯುವುದೂ ಅದೇ ಉತ್ತರ ಸೂಡಾನಿನ ನೈಲ್ ದಂಡೆಯ ಹಳ್ಳಿಯೊಂದರಲ್ಲಿ. ಕೇಂಬ್ರಿಜ್‌ನಲ್ಲಿ ಅರಬ್ಬಿ ಓದಿ, ಯುದ್ಧಕಾಲದಲ್ಲಿ ಬಿಬಿಸಿಯ ಅರಬ್ಬಿ ವಿಭಾಗದಲ್ಲಿ ದುಡಿದು, ಬಳಿಕ ಅವರು ಕೈರೋ ಸೇರಿದರು. ಈಜಿಪ್ಟಿನ ಕಥೆಗಾರ ಮಹಮೂದ್ ತೈಮೂರ್ ಅವರ ಕಥೆಗಳ ಅನುವಾದವನ್ನು ನಲವತ್ತರ ದಶಕದಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಇವರಿಗೆ, ಆಧುನಿಕ ಅರಬ್ಬಿ ಸಣ್ಣಕಥೆಗಳ ಸಂಕಲನವೊಂದನ್ನು ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರತರಲು 1967ರವರೆಗೆ ಕಾಯಬೇಕಾಯಿತು. ಈಜಿಪ್ಟಿನ ಕಾದಂಬರಿಕಾರ ನಗೀಬ್ ಮಹಫೂಜ್ ಅವರಿಗೆ ನೊಬೆಲ್ ಬಂದ 1988ರ ಹೊತ್ತಿಗೆ ಜಾನ್ಸನ್-ಡೇವಿಸ್ ಅವರ ವಯಸ್ಸು ಅರವತ್ತಾರು. ಅರಬ್ಬಿಯಲ್ಲೂ ಓದತಕ್ಕ ಕಥೆಗಳಿವೆ ಎಂದು ಪ್ರಕಾಶಕರನ್ನು ಒಪ್ಪಿಸುವುದರಲ್ಲೇ ಅವರ ಅರ್ಧ ಆಯುಸ್ಸು ಸವೆದಿತ್ತು ಎನ್ನಬಹುದು.

ಅವರ ಅನುವಾದಗಳಲ್ಲಿ ನನಗೆ ಇಂದಿಗೂ ಕೊರತೆಯೆನಿಸುವುದು ಆಡುಮಾತು. ಈಜಿಪ್ಟಿನ ಕಥೆಗಾರ ಯೂಸುಫ್ ಇದ್ರೀಸ್ ಅವರ ಕಥೆಗಳಲ್ಲಿ ನಿರೂಪಣೆ ಗ್ರಾಂಥಿಕ ಅರಬ್ಬಿಯಲ್ಲಿ ಸಾಗಿ, ಪಾತ್ರ ಬಾಯಿ ತೆರೆದೊಡನೆ ಈಜಿಪ್ಟಿನ ಬೀದಿ ಮಾತು ಹೊರಡುತ್ತದೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಧಾರವಾಡದ್ದೋ ಕುಂದಾಪುರದ್ದೋ ಮಾತನ್ನು ಸಂಭಾಷಣೆಗೆ ತಂದು ಅಭ್ಯಾಸವಿರುವ ಕನ್ನಡಕ್ಕೆ ಈ ಅಂತರವನ್ನು ಉಳಿಸಿಕೊಳ್ಳುವುದು ಕಷ್ಟವಾಗಲಾರದು. ಆ ಕಥೆಗಳಲ್ಲೊಂದನ್ನು ಮೂಲದಿಂದಲೇ ಕನ್ನಡಕ್ಕೆ ತರಲು ಕುಳಿತಿದ್ದೇನೆ. ನಾಲ್ಕು ಪುಟವಾಗಿದೆ, ಮುದುಕಿಯೊಬ್ಬಳ ಬೈಗುಳ ಮಾತ್ರ ಇನ್ನೂ ಕೂರುತ್ತಿಲ್ಲ.