ಕೇಳಿದವರಿಗೆ ಹೇಳುವುದು

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಅವರು ಕನ್ನಡ ಕಲಿತು, ಶಾಲೆಗಳನ್ನು ತೆರೆದು, ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ಶ್ರಮಿಸಿದರು. ಎದುರಿನವರ ಮಾತನ್ನು ಕಲಿಯುವ ಆ ತಾಳ್ಮೆಯೇ ಸುವಾರ್ತೆಯ, ಅಂದರೆ ಯೇಸುವಿನ ಸಂದೇಶ ಸಾರುವುದರ, ಅರ್ಧ ಕೆಲಸವೆಂದು ನಾನು ನಂಬಿದ್ದೇನೆ. ಇನ್ನೊಬ್ಬರ ದೇವರನ್ನು ಹೀಗಳೆದು ನಮ್ಮ ನಂಬಿಕೆಯನ್ನು ಎತ್ತಿಹಿಡಿಯಲು ಹೊರಟರೆ, ಕೇಳುವವರು ಮೊದಲ ಮಾತಿಗೇ ದೂರ ಸರಿಯುತ್ತಾರೆ. ಕರಪತ್ರವನ್ನು ಕೈಗೆ ತುರುಕಿ ಮುಂದೆ ಹೋದರೂ ಅಷ್ಟೇ.

ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕವಾಗಿ ಉತ್ತರಿಸಲು ಸದಾ ಸಿದ್ಧರಾಗಿರಬೇಕೆಂದು ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರಿಕೆ 3:15 ತಿಳಿಸುತ್ತದೆ. ಹಾಗಾದರೆ ಜನರು ತಾವಾಗಿಯೇ ಕೇಳುವಂತೆ ಬದುಕುವುದು ಮೊದಲಾಗಬೇಕು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಜ್ಜಿ ಆಸ್ಪತ್ರೆ ಸೇರಿದ್ದಾಗ, ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ಹೋಗಿ ರಾತ್ರಿ ಅವರ ಬಳಿ ಕೂತೆನೇ ಹೊರತು ಯೇಸುವಿನ ಮಾತೆತ್ತಲಿಲ್ಲ. ಹಾಸಿಗೆ ಹಿಡಿದವರ ಮುಂದೆ ಮತದ ಮಾತಾಡುವುದು ಅವರ ಅಸಹಾಯಕತೆಯನ್ನು ಬಳಸಿಕೊಂಡಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಗೆ ಮರಳಿದ ಮೇಲೆ ಅಜ್ಜಿಯೇ, "ಕಣ್ಮುಚ್ಚಿ ಕೂಡ್ತಿದ್ದೆಲ್ಲವ್ವಾ, ಏನ್ ಬೇಡ್ಕೊಂತಿದ್ದಿ?" ಎಂದು ಕೇಳಿದರು. ನಿಮ್ಮ ನೋವು ಕಡಿಮೆಯಾಗಲೆಂದು ಯೇಸುಸ್ವಾಮಿಯಲ್ಲಿ ಬೇಡಿಕೊಂಡೆನೆಂದು ಹೇಳಿ, ಆತನನ್ನು ನಾನೇಕೆ ನಂಬುತ್ತೇನೆಂಬುದನ್ನೂ ನಾಲ್ಕು ಮಾತಿನಲ್ಲಿ ತಿಳಿಸಿದೆ. ಅವರು ಈಗಲೂ ಕನಕದುರ್ಗಮ್ಮನ ಗುಡಿಗೆ ಹೋಗುತ್ತಾರೆ, ಸಂಜೆ ನಮ್ಮ ಕಟ್ಟೆಗೂ ಬಂದು ಕೂಡುತ್ತಾರೆ. ಮತ್ತೆ ಕೇಳಿದರೆ ಇನ್ನಷ್ಟು ಹೇಳುತ್ತೇನೆ.