ಹ್ಯಾಕಿಂಟಾಷ್‌ನಲ್ಲಿ ಆಪಲ್ ಐಡಿ ಸೈನ್ ಇನ್ ಆಗದಿದ್ದರೆ ಪಾಸ್‌ವರ್ಡ್ ಬಿಡಿ, ಮೊದಲು ಇಎನ್0 ನೋಡಿ

ಆಪಲ್ ಅಲ್ಲದ ಪಿಸಿಯಲ್ಲಿ ಮ್ಯಾಕ್‌ಓಎಸ್ ಓಡಿಸಿದರೆ ಅದೇ ಹ್ಯಾಕಿಂಟಾಷ್. ಮ್ಯಾಕ್‌ಓಎಸ್ ಬೂಟ್ ಆಗಿದೆ, ಗ್ರಾಫಿಕ್ಸ್ ಸರಿ, ಸೌಂಡ್ ಸರಿ. ಆಪ್ ಸ್ಟೋರ್ ಮಾತ್ರ ‘ನಿಮ್ಮ ಕಂಪ್ಯೂಟರನ್ನು ದೃಢೀಕರಿಸಲು ಆಗಲಿಲ್ಲ’ ಎನ್ನುತ್ತಿದೆ. ಇಲ್ಲವೇ ಐಮೆಸೇಜ್ ಒಂದಷ್ಟು ಹೊತ್ತು ಚಕ್ರ ತಿರುಗಿಸಿ ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ. ಇಲ್ಲಿ ಹೆಚ್ಚಿನವರು ಪಾಸ್‌ವರ್ಡ್ ಬದಲಿಸಲು ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದೇ ಐಡಿ ಫೋನಿನಲ್ಲೋ ಬ್ರೌಸರಿನಲ್ಲೋ ತೆರೆಯುತ್ತಿದ್ದರೆ ಪಾಸ್‌ವರ್ಡಿನದು ತಪ್ಪಿಲ್ಲ. ಸರ್ವರ್ ಕೇಳುತ್ತಿರುವುದು ‘ನೀನು ಯಾರು’ ಎಂದಲ್ಲ, ‘ಈ ಯಂತ್ರ ಯಾವುದು’ ಎಂದು. ಅಸಲಿ ಮ್ಯಾಕ್‌ನಲ್ಲಿ ಆ ಗುರುತು ಕಾರ್ಖಾನೆಯಲ್ಲೇ ಬಿದ್ದಿರುತ್ತದೆ. ನಮ್ಮದರಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ನಾವು ಬರೆದದ್ದೇ ಗುರುತು.

ಹಾಗಾಗಿ ಮೊದಲ ಕೆಲಸ, ಪ್ರಯತ್ನ ನಿಲ್ಲಿಸುವುದು. ಅರೆಬರೆ ಗುರುತಿನೊಂದಿಗೆ ಹತ್ತು ಸಲ ಬಾಗಿಲು ತಟ್ಟಿದರೆ ಖಾತೆಯ ಮೇಲೇ ಅನುಮಾನ ಬೀಳುತ್ತದೆ. ಐಕ್ಲೌಡ್, ಐಮೆಸೇಜ್, ಫೇಸ್‌ಟೈಮ್ ಎಲ್ಲದರಿಂದ ಸೈನ್ ಔಟ್ ಆಗಿ. ಕೆಳಗಿನದೆಲ್ಲ ಸರಿಯಾಗುವವರೆಗೆ ಮತ್ತೆ ಆ ಕಡೆ ಹೋಗಬೇಡಿ. ಆಪಲ್‌ನ ಲೈಸೆನ್ಸ್ ಒಪ್ಪಂದ ಮ್ಯಾಕ್‌ಓಎಸ್‌ಗೆ ಆಪಲ್ ಬ್ರ್ಯಾಂಡಿನ ಯಂತ್ರವನ್ನು ಮಾತ್ರ ಒಪ್ಪುತ್ತದೆ ಎಂಬುದೂ ನೆನಪಿರಲಿ. ಖಾತೆ ಕೆಟ್ಟರೆ ದೂರು ಕೊಡಲು ಜಾಗ ಇರುವುದಿಲ್ಲ.

ಆಪ್ ಸ್ಟೋರ್‌ನ ‘ದೃಢೀಕರಿಸಲು ಆಗಲಿಲ್ಲ’ ಸಂದೇಶಕ್ಕೆ ಬಹುತೇಕ ಸಲ ಕಾರಣ ಒಂದೇ, ಇಎನ್0 ಎಂಬ ಹೆಸರಿನ ನೆಟ್‌ವರ್ಕ್ ಕಾರ್ಡ್ ಇಲ್ಲ ಅಥವಾ ಅದು ಬಿಲ್ಟ್ ಇನ್ (ಯಂತ್ರದೊಳಗೇ ಇರುವ ಕಾರ್ಡ್) ಎಂದು ಗುರುತಾಗಿಲ್ಲ. ಮ್ಯಾಕ್‌ಓಎಸ್ ತಾನು ಕಂಡ ನೆಟ್‌ವರ್ಕ್ ಕಾರ್ಡುಗಳಿಗೆ ಇಎನ್0, ಇಎನ್1 ಎಂದು ಹೆಸರಿಡುತ್ತದೆ. ಇಟ್ಟ ಹೆಸರನ್ನು ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವಾಗ ಯುಎಸ್‌ಬಿ ಡಾಂಗಲ್ ಚುಚ್ಚಿದ್ದರೆ ಅದು ಇಎನ್0 ಆಗಿ ಕೂತುಬಿಡುತ್ತದೆ. ಆಮೇಲೆ ಮದರ್‌ಬೋರ್ಡಿನ ಇಥರ್ನೆಟ್‌ಗೆ ಕೆಕ್ಸ್ಟ್ (ಮ್ಯಾಕ್‌ಓಎಸ್‌ನ ಡ್ರೈವರ್) ಹಾಕಿದರೂ ಅದಕ್ಕೆ ಸಿಗುವುದು ಇಎನ್1 ಅಥವಾ ಇಎನ್2. ಡಾಂಗಲ್ ಕಿತ್ತರೂ ಹಳೆಯ ಹೆಸರು ಆ ಫೈಲಿನಲ್ಲಿ ಉಳಿದೇ ಇರುತ್ತದೆ.

ಯಾವ ಕಾರ್ಡಿಗೆ ಯಾವ ಹೆಸರು ಬಿದ್ದಿದೆ ಎಂದು ಹ್ಯಾಕಿಂಟೂಲ್ ಆ್ಯಪ್‌ನ ಸಿಸ್ಟಂ ವಿಭಾಗದಲ್ಲಿ, ಪೆರಿಫೆರಲ್ಸ್ ಪುಟದಲ್ಲಿ ಕಾಣುತ್ತದೆ. ಇಎನ್0 ಸಾಲಿನಲ್ಲಿ ಬಿಲ್ಟ್ ಇನ್ ಕಡೆ ಟಿಕ್ ಇರಬೇಕು. ಇಲ್ಲದಿದ್ದರೆ ಹೀಗೆ ಮಾಡಿ: ಡಾಂಗಲ್ ತೆಗೆಯಿರಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿರುವ ಎಲ್ಲ ಸೇವೆಗಳನ್ನೂ ಅಳಿಸಿ. ಬಳಿಕ ಮೂಲ ಡಿಸ್ಕಿನ ಲೈಬ್ರರಿ, ಅದರೊಳಗಿನ ಪ್ರಿಫರೆನ್ಸಸ್, ಅದರೊಳಗಿನ ಸಿಸ್ಟಂಕಾನ್ಫಿಗರೇಷನ್ ಫೋಲ್ಡರಿಗೆ ಹೋಗಿ ‘ನೆಟ್‌ವರ್ಕ್‌ಇಂಟರ್‌ಫೇಸಸ್’ ಮತ್ತು ‘ಪ್ರಿಫರೆನ್ಸಸ್’ ಎಂಬ ಎರಡು ಪಿಲಿಸ್ಟ್ (ಸೆಟ್ಟಿಂಗ್ಸ್) ಫೈಲುಗಳನ್ನು ತೆಗೆದು ರೀಬೂಟ್ ಮಾಡಿ. ಹೋಮ್ ಫೋಲ್ಡರಿನ ಒಳಗೂ ಒಂದು ಲೈಬ್ರರಿ ಇದೆ, ಇದು ಅದಲ್ಲ. ರೀಬೂಟ್ ಆದ ಮೇಲೆ ಮೊದಲು ಇಥರ್ನೆಟ್ ಸೇರಿಸಿ, ಆಮೇಲೆ ವೈಫೈ.

ಹೆಸರು ಇಎನ್0 ಆದರೂ ಟಿಕ್ ಬರದಿದ್ದರೆ ಓಪನ್‌ಕೋರ್‌ಗೆ ಹೇಳಿಕೊಡಬೇಕು. ಹ್ಯಾಕಿಂಟೂಲ್‌ನಿಂದ ಆ ಕಾರ್ಡಿನ ಪಿಸಿಐ ಪಾತ್ (ಬೋರ್ಡಿನಲ್ಲಿ ಅದು ಕೂತ ಜಾಗದ ವಿಳಾಸ) ನಕಲು ಮಾಡಿ. ಕಾನ್ಫಿಗ್ ಫೈಲಿನ ಡಿವೈಸ್‌ಪ್ರಾಪರ್ಟೀಸ್ ಭಾಗದ ‘ಆ್ಯಡ್’ ಕೆಳಗೆ ಆ ಪಾತ್ ಹಾಕಿ, ಅದರೊಳಗೆ ‘ಬಿಲ್ಟ್-ಇನ್’ ಎಂಬ ಕೀ, ಬಗೆ ಡೇಟಾ, ಮೌಲ್ಯ 01. ಇಥರ್ನೆಟ್ ಪೋರ್ಟೇ ಇಲ್ಲದ ಲ್ಯಾಪ್‌ಟಾಪಿಗೆ ನಲ್‌ಇಥರ್ನೆಟ್ ಕೆಕ್ಸ್ಟ್ ಮತ್ತು ಅದರ ಜೊತೆಗಿನ ಆರ್‌ಎಂಎನ್‌ಇ ಎಸ್‌ಎಸ್‌ಡಿಟಿ (ಹಾರ್ಡ್‌ವೇರಿನ ವಿವರವನ್ನು ಮ್ಯಾಕ್‌ಓಎಸ್‌ಗೆ ಹೇಳುವ ಸಣ್ಣ ಫೈಲು) ಬೇಕು. ಇಲ್ಲದ ಕಾರ್ಡನ್ನು ಇದೆ ಎಂದು ತೋರಿಸುವುದೇ ಅದರ ಕೆಲಸ.

ಇನ್ನು ಗುರುತಿನ ಚೀಟಿ. ಪ್ಲಾಟ್‌ಫಾರ್ಮ್‌ಇನ್ಫೋ ಭಾಗದ ಜೆನೆರಿಕ್ ಒಳಗೆ ಐದು ಅಂಶಗಳು: ಮಾಡೆಲ್, ಸೀರಿಯಲ್, ಎಂಎಲ್‌ಬಿ ಎಂಬ ಬೋರ್ಡ್ ಸೀರಿಯಲ್, ಸಿಸ್ಟಂ ಯುಯುಐಡಿ ಎಂಬ ಯಂತ್ರದ ವಿಶಿಷ್ಟ ಗುರುತು, ರಾಮ್ (ಆರ್‌ಓಎಂ; ಮೆಮೊರಿಯ ರ್ಯಾಮ್ ಅಲ್ಲ). ಮೊದಲ ನಾಲ್ಕನ್ನು ಜೆನ್‌ಎಸ್‌ಎಂಬಯೋಸ್ ಸ್ಕ್ರಿಪ್ಟಿನಿಂದ ಪಡೆಯಿರಿ. ಸೀರಿಯಲ್ 12 ಅಕ್ಷರ. ಎಂಎಲ್‌ಬಿ ಈಚಿನ ಮಾಡೆಲ್‌ಗಳಲ್ಲಿ 17, ಹಳೆಯವುಗಳಲ್ಲಿ 13. ಸೀರಿಯಲ್ ಮತ್ತು ಎಂಎಲ್‌ಬಿ ಒಂದೇ ಸಲ ಹುಟ್ಟಿದ ಜೋಡಿ ಆಗಿರಬೇಕು. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದು ಕೂಡಿಸಿದರೆ ಐಮೆಸೇಜ್ ಒಪ್ಪದು. ಬೇರೆಯವರು ಹಂಚಿದ ಇಎಫ್‌ಐ ಫೋಲ್ಡರನ್ನು (ಓಪನ್‌ಕೋರ್ ಮತ್ತು ಅದರ ಕಾನ್ಫಿಗ್ ಇರುವ ಜಾಗ) ಹಾಗೇ ಹಾಕಿಕೊಂಡವರ ಕಥೆ ಇನ್ನೂ ಕೆಟ್ಟದು, ಅದೇ ಗುರುತಿನಲ್ಲಿ ಇನ್ನೆಷ್ಟು ಯಂತ್ರಗಳು ಸರ್ವರ್‌ಗೆ ಹೋಗಿವೆಯೋ.

ಸಿಕ್ಕ ಸೀರಿಯಲ್ಲನ್ನು ಆಪಲ್‌ನ ಕವರೇಜ್ ಪರಿಶೀಲನಾ ಪುಟದಲ್ಲಿ ಹಾಕಿ ನೋಡಿ. ‘ಈ ಸೀರಿಯಲ್ ಸರಿಯಿಲ್ಲ’ ಎಂದು ಬಂದರೆ ನಮಗೆ ಬೇಕಾದದ್ದು ಅದೇ. ಕೇಳಲು ವಿಚಿತ್ರ, ಆದರೆ ಅರ್ಥ ಸರಳ: ಆ ಸಂಖ್ಯೆಯ ಮ್ಯಾಕ್ ಯಾರ ಬಳಿಯೂ ಇಲ್ಲ. ಖರೀದಿ ದಿನಾಂಕ ಸಮೇತ ಬಂದರೆ ಅದು ಯಾರೋ ಒಬ್ಬರ ಯಂತ್ರದ ಸಂಖ್ಯೆ, ಕೂಡಲೇ ಬಿಟ್ಟುಬಿಡಿ. ‘ಖರೀದಿ ದಿನಾಂಕ ಖಚಿತವಾಗಿಲ್ಲ’ ಎಂದು ಬರುವುದನ್ನೂ ಬಿಡುವುದು ಲೇಸು.

ರಾಮ್‌ನಲ್ಲಿ ಜಾರುವವರು ಬಹಳ. ಅಲ್ಲಿ ಇಎನ್0ಯ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಹಾರ್ಡ್‌ವೇರ್ ಸಂಖ್ಯೆ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಇರಬೇಕು, ಕೋಲನ್ ಬಿಟ್ಟು 12 ಅಂಕಿ, ಅಂದರೆ 6 ಬೈಟ್. 112233 ಎಂದು ಶುರುವಾಗುವ ಮಾದರಿ ಮೌಲ್ಯವನ್ನೇ ಉಳಿಸಿಕೊಂಡವರೂ ಇದ್ದಾರೆ. ಅದಕ್ಕಿಂತ ನಯವಾದ ಬಲೆ ಇನ್ನೊಂದಿದೆ. ವಿಳಾಸ 50:46:31:08:72:94 ಎಂದುಕೊಳ್ಳಿ. ಪಿಲಿಸ್ಟ್ ತಿದ್ದುವ ಪ್ರಾಪರ್‌ಟ್ರೀ ಆ್ಯಪ್‌ನಲ್ಲಿ ಬಗೆ ಡೇಟಾ ಇಟ್ಟು 504631087294 ಎಂದು ಬರೆದರೆ ಸರಿ. ಅದನ್ನೇ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಡೇಟಾ ಟ್ಯಾಗುಗಳ ನಡುವೆ ಬರೆದರೆ ತಪ್ಪು. ಪಿಲಿಸ್ಟ್ ಅದನ್ನು ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಎಂದು ಓದುತ್ತದೆ, 12 ಅಕ್ಷರ 9 ಬೈಟ್ ಆಗುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದಾಗ ಆ ಟ್ಯಾಗಿನ ನಡುವೆ 8 ಅಕ್ಷರ ಕಂಡರೆ ಸರಿ, 12 ಕಂಡರೆ ಇದೇ ರೋಗ.

ಬರೆದದ್ದು ಎನ್‌ವಿರ್ಯಾಮ್‌ನಲ್ಲಿ, ಅಂದರೆ ಯಂತ್ರ ಆಫ್ ಆದರೂ ಅಳಿಯದ ಬೋರ್ಡಿನ ಪುಟ್ಟ ನೆನಪಿನಲ್ಲಿ, ಉಳಿಯುತ್ತಿದೆಯೇ ಎಂದೂ ನೋಡಬೇಕು. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಜೊತೆ ಎನ್‌ವಿರ್ಯಾಮ್ ಕಮಾಂಡ್ ಕೊಟ್ಟು ಒಂದು ಹೊಸ ಹೆಸರಿಗೆ ಯಾವುದಾದರೂ ಮೌಲ್ಯ ಬರೆಯಿರಿ, ರೀಬೂಟ್ ಮಾಡಿ, ಅದೇ ಹೆಸರನ್ನು ಮತ್ತೆ ಓದಿ. ಮಾಯವಾಗಿದ್ದರೆ ಎನ್‌ವಿರ್ಯಾಮ್ ಕೆಲಸ ಮಾಡುತ್ತಿಲ್ಲ. ಇಂಟೆಲ್ 300 ಸರಣಿಯ ಬೋರ್ಡುಗಳಲ್ಲಿ (ಜೆಡ್370 ಬಿಟ್ಟು) ಇದು ಸಾಮಾನ್ಯ, ಮದ್ದು ಪಿಎಂಸಿ ಎಸ್‌ಎಸ್‌ಡಿಟಿ.

2024ರ ಮ್ಯಾಕ್‌ಓಎಸ್ ಆವೃತ್ತಿ ಸಿಕ್ವೋಯಾದಿಂದ ಹೊಸ ತಲೆನೋವೊಂದು ಸೇರಿಕೊಂಡಿದೆ. ಅಪ್‌ಡೇಟ್ ಬರಲೆಂದು ರಿಸ್ಟ್ರಿಕ್ಟ್‌ಇವೆಂಟ್ಸ್ ಕೆಕ್ಸ್ಟ್ ಜೊತೆ ‘ಎಸ್‌ಬಿವಿಎಂಎಂ’ ಬೂಟ್ ಆರ್ಗ್ಯುಮೆಂಟ್ ಹಾಕಿಕೊಂಡವರು ಬಹಳ. ಅದರಿಂದ ಯಂತ್ರ ತಾನು ವರ್ಚುವಲ್ ಮಷೀನ್ ಎಂದು ಹೇಳಿಕೊಳ್ಳುತ್ತದೆ, ಮೇಲಿನದೆಲ್ಲ ಸರಿ ಇದ್ದರೂ ಸೈನ್ ಇನ್ ಮುರಿಯುತ್ತದೆ. ಅದನ್ನು ತೆಗೆದು ರೀಬೂಟ್ ಮಾಡಿ, ಸೈನ್ ಇನ್ ಆಗಿ. ಅಪ್‌ಡೇಟ್ ಬೇಕಾದಾಗ ಮಾತ್ರ ಮತ್ತೆ ಹಾಕಿ. ನಿಜವಾಗಿಯೂ ವರ್ಚುವಲ್ ಮಷೀನಿನಲ್ಲೇ ಓಡಿಸುವವರಿಗೆ ವಿಎಂಹೈಡ್ ಕೆಕ್ಸ್ಟ್ ಇದೆ.

ಗಡಿಯಾರವನ್ನೂ ಒಮ್ಮೆ ನೋಡಿ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಬರೆಯುತ್ತದೆ, ಮ್ಯಾಕ್‌ಓಎಸ್ ಅದನ್ನು ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ. ಸಿಆರ್2032 ಸೆಲ್ ಸತ್ತಿದ್ದರೆ ವರ್ಷವೇ ಹಿಂದೆ ಹೋಗಿ ಸರ್ಟಿಫಿಕೇಟ್‌ಗಳು ಒಂದೂ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಹೋಮ್ ಫೋಲ್ಡರಿನ ಲೈಬ್ರರಿಯಲ್ಲಿ ಕ್ಯಾಶಸ್ ಒಳಗಿನ ಐಕ್ಲೌಡ್‌ಹೆಲ್ಪರ್, ಮೆಸೇಜಸ್ ಹೆಸರಿನವು, ಪ್ರಿಫರೆನ್ಸಸ್ ಒಳಗಿನ ಐಚಾಟ್, ಐಎಂಏಜೆಂಟ್, ಐಎಂಸರ್ವಿಸ್ ಹೆಸರಿನವು, ಇವನ್ನು ಅಳಿಸಿ. ಅದೇ ಲೈಬ್ರರಿಯ ನೇರ ಒಳಗಿರುವ ಮೆಸೇಜಸ್ ಫೋಲ್ಡರ್ ಮುಟ್ಟಬೇಡಿ, ಹಳೆಯ ಮಾತುಕತೆಯೆಲ್ಲ ಅಲ್ಲೇ ಇದೆ. ರೀಬೂಟ್ ಆದ ಮೇಲೆ ಮೊದಲು ಆಪ್ ಸ್ಟೋರ್, ಆಮೇಲೆ ಐಕ್ಲೌಡ್, ಕೊನೆಗೆ ಐಮೆಸೇಜ್. ಆಪ್ ಸ್ಟೋರ್ ಒಪ್ಪದೆ ಐಮೆಸೇಜ್‌ಗೆ ಕೈ ಹಾಕಿ ಪ್ರಯೋಜನವಿಲ್ಲ.

‘ಈ ಕೋಡ್ ಹಿಡಿದು ಬೆಂಬಲ ವಿಭಾಗವನ್ನು ಸಂಪರ್ಕಿಸಿ’ ಎಂದು ಬಂದರೆ ವಿಷಯ ಯಂತ್ರದಿಂದ ಖಾತೆಗೆ ದಾಟಿದೆ ಎಂದರ್ಥ. ಆಗ ಕಾನ್ಫಿಗ್ ತಿದ್ದುತ್ತ ಕೂರಬೇಡಿ, ಹೊಸ ಸೀರಿಯಲ್ ಹಾಕಿ ನೋಡುವುದಂತೂ ಬೇಡವೇ ಬೇಡ. ಖಾತೆಯಲ್ಲಿ ಪಾವತಿ ಕಾರ್ಡ್ ಇದ್ದು, ಅದೇ ಐಡಿಯಲ್ಲಿ ಅಸಲಿ ಐಫೋನೋ ಐಪ್ಯಾಡೋ ಇದ್ದವರಿಗೆ ಈ ಸಂದೇಶ ಕಡಿಮೆ. ಈಗಷ್ಟೇ ತೆರೆದ ಖಾಲಿ ಖಾತೆಗೆ ಜಾಸ್ತಿ.

ಸೈನ್ ಇನ್ ಆಯಿತೆಂದರೆ ಆ ಐದು ಮೌಲ್ಯಗಳನ್ನು ಬೇರೆಡೆ ಬರೆದಿಡಿ, ಇಎಫ್‌ಐ ಫೋಲ್ಡರಿನ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ. ಓಪನ್‌ಕೋರ್ ಅಪ್‌ಡೇಟ್ ಮಾಡುವಾಗ ಹೊಸ ಮಾದರಿ ಕಾನ್ಫಿಗ್‌ನಿಂದ ಶುರು ಮಾಡಿದರೆ ಈ ಐದನ್ನೂ ಅದಕ್ಕೆ ದಾಟಿಸಿಯೇ ಬೂಟ್ ಮಾಡಿ. ಇಲ್ಲದಿದ್ದರೆ ಒಂದೇ ಬೂಟಿನಲ್ಲಿ ನಿಮ್ಮ ಯಂತ್ರ ಬೇರೆ ಯಂತ್ರವಾಗಿಬಿಡುತ್ತದೆ.