ಅರ್ಧ ಸೆಕೆಂಡಿನ ವಿಳಂಬ

ಲೆಕ್ಕಪತ್ರ, ಬರಹಗಳಿರುವ ಗಣಕದಲ್ಲಿ ನಾನು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನ ಸ್ಥಿರ ಆವೃತ್ತಿಯನ್ನೇ ಬಳಸುತ್ತೇನೆ. ಸುಮಾರು ಎರಡು ವರ್ಷಕ್ಕೊಮ್ಮೆ ಬಿಡುಗಡೆಯಾಗುವ ಅದರಲ್ಲಿ ತಂತ್ರಾಂಶಗಳು ಹಳತಾಗಿರುತ್ತವೆಂಬ ದೂರು ಸುಳ್ಳಲ್ಲ. ಆದರೆ ಭದ್ರತಾ ತಿದ್ದುಪಡಿಗಳನ್ನು ಆ ಹಳೆಯ ಆವೃತ್ತಿಗೇ ಹೊಂದಿಸಿ ಕೊಡುವುದರಿಂದ, ಹಳತೆಲ್ಲ ಅಸುರಕ್ಷಿತವೆಂದು ತಿಳಿಯಬೇಕಿಲ್ಲ.

2024ರ ಮಾರ್ಚ್ ತಿಂಗಳ ಪ್ರಕರಣ ನನ್ನ ಈ ನಿಲುವನ್ನು ಗಟ್ಟಿಗೊಳಿಸಿತು, ಜೊತೆಗೆ ಕೊಂಚ ಅಲುಗಾಡಿಸಿತು ಕೂಡ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಎರಡು ವರ್ಷಗಳಿಗೂ ಹೆಚ್ಚು ಕಾಲ ತಾಳ್ಮೆಯಿಂದ ವಿಶ್ವಾಸ ಗಳಿಸಿ ನಿರ್ವಾಹಕನ ಸ್ಥಾನಕ್ಕೇರಿದ್ದ ಖಾತೆಯೊಂದು ಹೊರಗಿನವರು ಗಣಕದೊಳಗೆ ನುಸುಳಬಲ್ಲ ಗುಪ್ತ ಹಿಂಬಾಗಿಲನ್ನು ಸೇರಿಸಿತ್ತು. ಆಗಿನ ಸ್ಥಿರ ಆವೃತ್ತಿಯಾದ ಡೆಬಿಯನ್ 12ರಲ್ಲಿ ಇದ್ದುದು 5.4.1, ಹಾಗಾಗಿ ಸ್ಥಿರ ಆವೃತ್ತಿಯ ಬಳಕೆದಾರರು ಏನನ್ನೂ ಮಾಡದೆಯೇ ಪಾರಾದರು. ‘ಸಿಡ್’ ಎಂಬ ಅಸ್ಥಿರ ಶಾಖೆಗೂ ಮುಂದಿನ ಆವೃತ್ತಿ ಸಿದ್ಧವಾಗುವ ‘ಟೆಸ್ಟಿಂಗ್’ ಶಾಖೆಗೂ ಆ ಪ್ಯಾಕೇಜು ಆಗಲೇ ತಲುಪಿತ್ತು.

ಆದರೆ ಅದನ್ನು ಪತ್ತೆಹಚ್ಚಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೆಲಸ ಮಾಡುತ್ತಿದ್ದುದೂ ಸಿಡ್ ಮೇಲೆಯೇ. ದೂರದ ಗಣಕವನ್ನು ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆಂದು ಅವರು ಕೆದಕುತ್ತಾ ಹೋದಾಗ ಗುಟ್ಟು ಹೊರಬಿತ್ತು. (ನಾನಾಗಿದ್ದರೆ ಇಂಟರ್ನೆಟ್ಟನ್ನು ಬೈದು ಸುಮ್ಮನಾಗುತ್ತಿದ್ದೆ.) ಅಂಥವರು ಹೊಸತನ್ನು ಬಳಸದೆ ಇದ್ದಿದ್ದರೆ, ಅದೇ ಪ್ಯಾಕೇಜು ಮುಂದಿನ ಸ್ಥಿರ ಆವೃತ್ತಿಯೊಳಗೇ ಕುಳಿತು ನನ್ನ ಗಣಕಕ್ಕೂ ಬರಬಹುದಿತ್ತು.